40 ಮೆಶ್ ಪರದೆಗೆ ಪೂರ್ತಿ ಮಾರ್ಕು, ಹಳದಿ ಕಾರ್ಡಿಗೆ ಅರ್ಧ

ನಮ್ಮ ಮನೆ ಹುಬ್ಬಳ್ಳಿಯಲ್ಲಿ, ಮೆಣಸಿನಕಾಯಿ ಹೊಲ ಬ್ಯಾಡಗಿ ಹತ್ತಿರ. ಹೋದ ವರ್ಷ ಮೇ ಕೊನೆಗೆ ಹಾವೇರಿಯ ಒಂದು ಅಗ್ರೋ ಅಂಗಡಿಯಲ್ಲಿ ಎರಡು ಸಾಮಾನು ತಗೊಂಡೆ: ಅಗಿ (ಸಸಿ) ಮಡಿಗೆ ಹೊದಿಸೋ 40 ಮೆಶ್ ನೈಲಾನ್ ಪರದೆ, ಮತ್ತೆ ನೊಣ ಹಿಡಿಯೋ ಹತ್ತು ಹಳದಿ ಅಂಟು ಕಾರ್ಡು. ಒಂದು ಸೀಸನ್ ಪೂರ್ತಿ ಬಳಸಿದ ಮೇಲೆ ಬರೀತಿದ್ದೇನೆ.

ಅದರ ಹಿಂದಿನ ವರ್ಷ ಎಲೆ ಮುದುಡೋ ಮುಟುರು ರೋಗ ಬಂದು ಅರ್ಧ ಹೊಲ ಹಾಳಾಗಿತ್ತು. ಮುಟುರು ಅಂತ ನಾವು ಒಂದೇ ಹೆಸರಿಂದ ಕರೆದರೂ ಕಾರಣ ಒಂದಲ್ಲ. ಥ್ರಿಪ್ಸ್ ಅನ್ನೋ ಸಣ್ಣ ಹುಳ ರಸ ಹೀರಿದರೆ ಎಲೆಯ ಅಂಚು ದೋಣಿ ಥರ ಮೇಲಕ್ಕೆ ಮಡಚುತ್ತದೆ, ಮೈಟ್ ನುಸಿ ಹತ್ತಿದರೆ ಕೆಳಕ್ಕೆ. ಇವೆರಡಕ್ಕೆ ಏನಾದರೂ ಹೊಡೆಯಬಹುದು. ಮೂರನೆಯದು ವೈರಸ್, ಅದನ್ನು ಹೊತ್ತು ತರೋದು ಬಿಳಿ ನೊಣ. ಧಾರವಾಡದ ಕೃಷಿ ಮೇಳದಲ್ಲಿ ಗಿಡದ ವೈರಸ್ ಮೇಲೆ ಕೆಲಸ ಮಾಡೋ ಒಬ್ಬ ವಿಜ್ಞಾನಿ ಸಿಕ್ಕಿದ್ದರು. "ಸರ್, ಇದಕ್ಕೆ ಯಾವ ಔಷಧಿ ಹೊಡೀಬೇಕ್ರೀ?" ಅಂದೆ. ವೈರಸ್‌ಗೆ ಔಷಧಿನೇ ಇಲ್ಲ, ಹತ್ತಿದ ಗಿಡ ಕಿತ್ತು ಸುಡಿ, ಸಸಿ ಇರುವಾಗಲೇ ನೊಣ ಮುಟ್ಟದ ಹಾಗೆ ನೋಡ್ಕೊಳ್ಳಿ ಅಂದರು. ಡೆಂಗಿ ಕಥೆನೂ ಹೀಗೇ ಅಲ್ವಾ ಅಂದಿದ್ದಕ್ಕೆ ಅವರಿಗೆ ಹುರುಪು ಬಂತು. ಡೆಂಗಿ ವೈರಸ್ ಸೊಳ್ಳೆಯ ಮೈಯೊಳಗೆ ಬೆಳೆದು ಜಾಸ್ತಿಯಾಗಬೇಕು, ಅದಕ್ಕೆ ವಾರದ ಮೇಲೇ ಬೇಕು, ಆಮೇಲೆ ಆ ಸೊಳ್ಳೆ ಸಾಯೋವರೆಗೂ ರೋಗ ಹಂಚುತ್ತದೆ. ಬಿಳಿ ನೊಣಕ್ಕೆ ಅಷ್ಟು ದಿನ ಕಾಯೋದು ಬೇಕಿಲ್ಲ. ವೈರಸ್ ಅನ್ನೋದು ಮೊದಲು ಸಿಕ್ಕಿದ್ದೇ ಗಿಡದಲ್ಲಂತೆ, 1892ರಲ್ಲಿ ರಷ್ಯಾದ ಇವಾನೊವ್ಸ್ಕಿಗೆ, ರೋಗದ ತಂಬಾಕಿನ ಎಲೆ ಹಿಂಡಿ ರಸ ಸೋಸುವಾಗ.

ಈಗ ಪರದೆ ವಿಷಯ. ಅಂಗಡಿಯವರು "40 ಮೆಶ್ ಐತ್ರೀ, ಕಣ್ಣು ಮುಚ್ಚಿ ಒಯ್ಯಿರಿ" ಅಂದರು, ನಾನೂ ಒಯ್ದೆ. ಮನೆಗೆ ಬಂದು ಸುಮ್ನೆ ಮಗಳ ಸ್ಕೇಲು ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಎಣಿಸಿದರೆ ಒಂದು ಇಂಚಿಗೆ 26 ತೂತು! 40 ಮೆಶ್ ಅಂದರೆ ಇಂಚಿಗೆ 40 ಇರಬೇಕು. ಇಷ್ಟು ಅಗಲದ ತೂತಿನಲ್ಲಿ ಬಿಳಿ ನೊಣ ಆರಾಮಾಗಿ ಓಡಾಡುತ್ತದೆ. ಮರುದಿನ ಫೋಟೋ ತೋರಿಸಿದ ಮೇಲೆ ಗೊಣಗಿಕೊಂಡೇ ಬದಲಿ ಕೊಟ್ಟರು, ಬಸ್ ಚಾರ್ಜ್ ನನ್ನ ತಲೆ ಮೇಲೆ.

ಸರಿಯಾದ ಪರದೆ ಮಾತ್ರ ಚೆನ್ನಾಗಿದೆ. ಬಿದಿರಿನ ದಬ್ಬೆ ಬಗ್ಗಿಸಿ ಮಡಿ ಮೇಲೆ ಹೊದಿಸಿ, ಅಂಚಿಗೆಲ್ಲ ಮಣ್ಣು ಮುಚ್ಚಿದೆ. ಸುಮಾರು ನಲವತ್ತು ದಿನ ಅಗಿ ಒಳಗೇ ಬೆಳೆದವು, ನಾಟಿ ಮಾಡುವಾಗ ಒಂದರ ಎಲೆಯೂ ಮುದುಡಿರಲಿಲ್ಲ. ತೊಂದರೆನೂ ಇದೆ: ಒಳಗೆ ಸೆಕೆ ಜಾಸ್ತಿ, ಗಾಳಿ ಕಡಿಮೆ, ನೀರು ಹೆಚ್ಚಾದರೆ ಸಸಿ ಬುಡ ಕೊಳೆಯುತ್ತದೆ. ಥ್ರಿಪ್ಸ್ ಅಂತೂ ಇನ್ನೂ ಸಣ್ಣದು, 40 ಮೆಶ್ ದಾಟಿ ಹೋಗುತ್ತದೆ. ನಾಟಿ ಆದ ಮೇಲೆ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಗಿಡಕ್ಕೆ ಮುಟುರು ಬಂತು, ಕಿತ್ತು ಹಾಕಿದೆ. ಹಿಂದಿನ ವರ್ಷಕ್ಕೆ ಹೋಲಿಸಿದರೆ ಅದು ಲೆಕ್ಕಕ್ಕೇ ಇಲ್ಲ.

ಹಳದಿ ಕಾರ್ಡಿನ ಪ್ಯಾಕೆಟ್ ಮೇಲೆ "ಸಂಪೂರ್ಣ ಹತೋಟಿ" ಅಂತ ಬರೆದಿದ್ದಾರೆ. ಅದು ಸುಳ್ಳು. ನೊಣ ಬಂದಿದೆಯೋ ಇಲ್ಲವೋ, ಎಷ್ಟು ಬಂದಿದೆ ಅಂತ ಗೊತ್ತಾಗುತ್ತದೆ ಅಷ್ಟೇ. ಧೂಳಿನ ದಿನ ಎರಡೇ ದಿನಕ್ಕೆ ಅಂಟು ಹೋಗಿ ಹಪ್ಪಳದ ಹಾಗಾಗುತ್ತದೆ.

ಎರಡು ಕಾರ್ಡನ್ನು ಅವ್ವ ಹುಬ್ಬಳ್ಳಿ ಮನೆಯಲ್ಲಿ ಸೊಳ್ಳೆಗೆ ಅಂತ ತೂಗುಹಾಕಿದ್ದಳು. ನಾಲ್ಕು ದಿನ ಬಿಟ್ಟು "ಒಂದೂ ಗುಂಗಾಡಿ ಬಿದ್ದಿಲ್ಲಲ್ಲೋ!" ಅಂತ ನನಗೇ ಬೈದಳು. ಬೀಳೋದಾದರೂ ಹೇಗೆ, ಸೊಳ್ಳೆ ಬರೋದು ನಮ್ಮ ಉಸಿರು, ಮೈ ಬೆವರಿನ ವಾಸನೆ ಹಿಡಿದು. ಹಳದಿ ಬಣ್ಣಕ್ಕೆ ಮರುಳಾಗೋದು ಬಿಳಿ ನೊಣ, ಗಿಡದ ಹೇನಿನಂಥವು.

ಸೊಳ್ಳೆಗೆ ಕೆಲಸಕ್ಕೆ ಬಂದಿದ್ದು ಉಳಿದ ಪರದೆ ತುಂಡು. ನಮ್ಮ ಓಣಿಗೆ ನಲ್ಲಿ ನೀರು ವಾರಕ್ಕೊಮ್ಮೆ, ಆದ್ದರಿಂದ ಡ್ರಮ್ಮು ಯಾವಾಗಲೂ ತುಂಬಿರುತ್ತದೆ. ಡೆಂಗಿ ಸೊಳ್ಳೆಗೆ ಬೇಕಾದದ್ದು ಅದೇ ತಿಳಿ ನೀರು, ಮೊಟ್ಟೆಯಿಂದ ಸೊಳ್ಳೆಯಾಗಿ ಹಾರೋಕೆ ಅದಕ್ಕೆ ಸಾಕಾಗೋದೂ ಸುಮಾರು ಒಂದು ವಾರವೇ. ಮಗಳಿಗೆ ಡೆಂಗಿಯಾಗಿ ಐದು ದಿನ ಆಸ್ಪತ್ರೆ ಕಂಡವರು ನಾವು. ಆ ವೈರಸ್ಸಿನಲ್ಲಿ ನಾಲ್ಕು ಬಗೆ ಇರೋದರಿಂದ ಒಮ್ಮೆ ಬಂತು, ಮುಗೀತು ಅನ್ನೋ ಹಾಗೂ ಇಲ್ಲ. ಡ್ರಮ್ಮಿನ ಬಾಯಿಗೆ ಪರದೆ ಎಳೆದು ಹಳೆ ಸೈಕಲ್ ಟ್ಯೂಬಿನಿಂದ ಬಿಗಿದೆ. ಜೋಲಿ ಬಿದ್ದು ನೀರಿಗೆ ತಾಕಬಾರದು, ಮತ್ತೆ ಕಟ್ಟೋ ಮುಂಚೆ ಒಳಗಿನ ಗೋಡೆ ಗಸಗಸ ತಿಕ್ಕಲೇಬೇಕು, ಯಾಕೆಂದರೆ ಮೊಟ್ಟೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಈ ಮಳೆಗಾಲ ಡ್ರಮ್ಮಿನಲ್ಲಿ ಒಂದು ಹುಳನೂ ಕಾಣಲಿಲ್ಲ.

ಪರದೆಗೆ ಐದಕ್ಕೆ ಐದು, ತೂತು ಎಣಿಸಿ ತಗೊಂಡರೆ. ಕಾರ್ಡಿಗೆ ಎರಡೂವರೆ. ಅವ್ವ ತಾನು ತೂಗುಹಾಕಿದ್ದ ಆ ಎರಡು ಕಾರ್ಡನ್ನೂ ಬಿಸಾಕದೆ ಅಂಗಳದ ದಾಸವಾಳಕ್ಕೆ ಕಟ್ಟಿದ್ದಾಳೆ, ಈಗ ಅವುಗಳ ತುಂಬ ಬಿಳಿ ನೊಣ. ಬಂದವರಿಗೆಲ್ಲ ತೋರಿಸುತ್ತಾಳೆ.