ರೈಸ್ ಮಿಲ್ ಕ್ಯಾಮೆರಾಗೆ ಯಾವ ಲೈನ್ ಒಳ್ಳೇದು? ನಾಲ್ಕೂ ಹಾಕಿ ನೋಡಿದ ಮೇಲೆ

ಗಂಗಾವತಿ, ಕಾರಟಗಿ ಕಡೆಯ ರೈಸ್ ಮಿಲ್ಲಿನವರು ಕ್ಯಾಮೆರಾ ಹಾಕಿಸುವಾಗ ಮೊದಲು ಕೇಳೋದು ಮೆಗಾಪಿಕ್ಸೆಲ್ ಎಷ್ಟು ಅಂತ. ನಾನು ಮೊದಲು ಕೇಳೋದು, "ಸಾವ್ಕಾರ್ರೆ, ವೇಬ್ರಿಡ್ಜ್‌ನಿಂದ ಆಫೀಸಿಗೆ ಎಷ್ಟು ದೂರ?" ವೇಬ್ರಿಡ್ಜ್ ಅಂದ್ರೆ ಲಾರಿಯನ್ನೇ ತೂಗುವ ತಕ್ಕಡಿ. ಕ್ಯಾಮೆರಾ ಕೆಟ್ಟು ರೆಕಾರ್ಡಿಂಗ್ ಹೋಗೋದು ಅಪರೂಪ. ಹೋಗೋದು ಲೈನಿನಲ್ಲಿ, ಅಂದ್ರೆ ಕ್ಯಾಮೆರಾದಿಂದ ಆಫೀಸಿನ ರೆಕಾರ್ಡರ್‌ಗೆ ಚಿತ್ರ ತರುವ ದಾರಿಯಲ್ಲಿ, ಇಲ್ಲಾ ಕರೆಂಟಿನಲ್ಲಿ.

ಗೋವಾದ ಕ್ಯಾಸಿನೋಗಳಲ್ಲಿ ಆಟದ ಟೇಬಲ್ಲಿನ ಮೇಲೆ ಕ್ಯಾಮೆರಾ ಇರೋದು ಯಾಕೆ? ತಕರಾರು ಬಂದಾಗ ಆ ಒಂದು ನಿಮಿಷ ತೆಗೆದು ತೋರಿಸೋಕೆ. ಮಿಲ್ಲಿನಲ್ಲಿ ಆ ಟೇಬಲ್ ಅಂದ್ರೆ ವೇಬ್ರಿಡ್ಜ್. ಲಾರಿ ಹತ್ತಿದ್ದು, ನಂಬರ್ ಪ್ಲೇಟು, ತೂಕದ ಅಂಕಿ, ಮೂರೂ ಸಿಗಬೇಕು. ಲೈವ್ ನೋಡುವಾಗ ಎರಡು ಸೆಕೆಂಡ್ ನಿಂತರೆ ಯಾರಿಗೂ ಗೊತ್ತಾಗಲ್ಲ. ರೆಕಾರ್ಡಿಂಗ್‌ನಲ್ಲಿ ಅದೇ ಜಾಗ ಖಾಲಿ ಇದ್ದರೆ ರೈತನಿಗೂ ನ್ಯಾಯ ಇಲ್ಲ, ಮಿಲ್ಲಿನವರಿಗೂ ಇಲ್ಲ. ಹಾಗಾಗಿ ಕೋಆಕ್ಸಿಯಲ್, ಕ್ಯಾಟ್ 6, ವೈರ್‌ಲೆಸ್, ಫೈಬರ್ ಈ ನಾಲ್ಕೂ ಲೈನ್ ನಾನು ಅಳೆದದ್ದು ಒಂದೇ ಅಳತೆಯಲ್ಲಿ: ಕೇಳಿದ ನಿಮಿಷ ರೆಕಾರ್ಡರ್‌ನಲ್ಲಿ ಇದೆಯಾ, ಇಲ್ವಾ.

ಮಿಲ್ಲು ಒಂದೇ. ಗೇಟಿನ ಹತ್ತಿರ ವೇಬ್ರಿಡ್ಜ್, ಅಲ್ಲಿಂದ ಸುಮಾರು 200 ಮೀಟರ್ ಒಳಗೆ ಆಫೀಸು, ನಡುವೆ ಗೋದಾಮು.

ಅಲ್ಲಿ ಮೊದಲಿದ್ದದ್ದು ಡಿವಿಆರ್ ಅನ್ನೋ ಹಳೇ ಥರದ ರೆಕಾರ್ಡರ್ ಮತ್ತು ಅಂಗಡಿಯಲ್ಲಿ 3+1 ಅಂತ ಕೇಳಿದರೆ ಕೊಡುವ ಕೋಆಕ್ಸಿಯಲ್ ಕೇಬಲ್, ಟಿವಿ ಕೇಬಲ್ಲಿನಂಥದ್ದು. ಚಿತ್ರ ಅಷ್ಟು ದೂರ ಆರಾಮಾಗಿ ಬರುತ್ತೆ. ತೊಂದರೆ ಇರೋದು ಅದೇ ಕೇಬಲ್ಲಿನ ತೆಳು ತಂತಿಯಲ್ಲಿ ಹೋಗುವ 12 ವೋಲ್ಟಿನಲ್ಲಿ. ಹಗಲೆಲ್ಲ ಕ್ಯಾಮೆರಾ ಸರಿ ಇರುತ್ತೆ. ಕತ್ತಲಾದ ಕೂಡಲೇ ರಾತ್ರಿ ನೋಡೋಕೆ ಕ್ಯಾಮೆರಾದಲ್ಲೇ ಇರೋ ಐಆರ್ ದೀಪ ಹತ್ತಿ ಕರೆಂಟು ಜಾಸ್ತಿ ಎಳೆಯುತ್ತೆ, ವೋಲ್ಟೇಜ್ ಕುಸಿದು ಕ್ಯಾಮೆರಾ ಆಫ್. ಆಫ್ ಆದರೆ ಎಳೆತ ಇಲ್ಲ, ವೋಲ್ಟೇಜ್ ಏರಿ ಮತ್ತೆ ಆನ್. ಮತ್ತೆ ದೀಪ, ಮತ್ತೆ ಆಫ್. ರಾತ್ರಿಯಿಡೀ ಇದೇ ಕಥೆ. ಅಡಾಪ್ಟರನ್ನು ಗೇಟಿನಲ್ಲೇ ಇಟ್ಟರೆ ಇದು ನಿಲ್ಲುತ್ತೆ. ಆದರೆ ಗೇಟಿನ ಅರ್ಥಿಂಗ್ ಬೇರೆ, ಆಫೀಸಿನದ್ದು ಬೇರೆ. ಮಿಲ್ಲಿನ ದೊಡ್ಡ ಮೋಟಾರುಗಳು ಶುರುವಾದರೆ ಚಿತ್ರದಲ್ಲಿ ಅಡ್ಡ ಪಟ್ಟೆ ಉರುಳುತ್ತವೆ, ತೂಕದ ಅಂಕಿ ಓದೋಕೆ ಆಗಲ್ಲ. ಬಜಾರಿನ ಕಿರಾಣಿ ಅಂಗಡಿಗೆ, ನಾಲ್ಕೇ ಕ್ಯಾಮೆರಾ ಇರೋ ಕಡೆಗೆ ಇವತ್ತಿಗೂ ನಾನು ಕೋಆಕ್ಸಿಯಲ್ಲೇ ಹಾಕ್ತೀನಿ. ಮಿಲ್ಲಿಗೆ ಬೇಡ.

ಎರಡನೆಯದು ಐಪಿ ಕ್ಯಾಮೆರಾ (ಕಂಪ್ಯೂಟರ್ ನೆಟ್‌ವರ್ಕಿನಲ್ಲಿ ಚಿತ್ರ ಕಳಿಸೋದು), ಕ್ಯಾಟ್ 6 ನೆಟ್‌ವರ್ಕ್ ಕೇಬಲ್, ಎಲ್ಲ ಕೇಬಲ್ ಬಂದು ಸೇರುವ ಪಿಒಇ ಸ್ವಿಚ್. ಚಿತ್ರ, ಕರೆಂಟು ಎರಡೂ ಒಂದೇ ಕೇಬಲ್ಲಿನಲ್ಲಿ. ಕ್ಯಾಮೆರಾಗಳಿಗೆಲ್ಲ ಸ್ವಿಚ್‌ನಿಂದಲೇ ಕರೆಂಟು ಹೋಗೋದರಿಂದ ಸ್ವಿಚ್‌ಗೆ ಒಂದು ಯುಪಿಎಸ್ ಕೊಟ್ಟರೆ ಸಾಕು. ಇದು ದೊಡ್ಡ ಲಾಭ. ಇಲ್ಲಾಂದ್ರೆ ಕರೆಂಟು ಹೋಗಿ ಜನರೇಟರ್ ಎತ್ತಿಕೊಳ್ಳುವ ಕೆಲವೇ ಸೆಕೆಂಡಿಗೆ ಎಲ್ಲ ಸ್ವಿಚ್, ಎಲ್ಲ ಕ್ಯಾಮೆರಾ ಮೊದಲಿಂದ ಶುರುವಾಗಿ ರೆಕಾರ್ಡಿಂಗ್‌ನಲ್ಲಿ ನಿಮಿಷಗಟ್ಟಲೆ ಹೋಗಿಬಿಡುತ್ತೆ.

ಆದರೆ ಈ ಕೇಬಲ್ಲಿಗೆ 100 ಮೀಟರ್ ಗಡಿ. 200 ಮೀಟರ್ ಅಂದ್ರೆ ನಡುವೆ, ಗೋದಾಮಿನ ಗೋಡೆ ಮೇಲೆ, ಇನ್ನೊಂದು ಸ್ವಿಚ್. ಅದಕ್ಕೆ ಕರೆಂಟು, ಅದಕ್ಕೊಂದು ಕಬ್ಬಿಣದ ಪೆಟ್ಟಿಗೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತೆ, ಬಿಸಿಲಿಗೆ ಬಿದ್ದ ಪೆಟ್ಟಿಗೆ ಒಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಹೊಟ್ಟಿನ ಧೂಳು ಬೇರೆ. ಆ ಒಂದು ಸ್ವಿಚ್ ನಿಂತರೆ ಅದರಾಚೆಯ ಕ್ಯಾಮೆರಾ ಎಲ್ಲವೂ ಕುರುಡು. ಇನ್ನು ಭರಣಿ, ರೋಹಿಣಿ ಮಳೆಯ ಸಿಡಿಲು. ಹತ್ತಿರದಲ್ಲಿ ಬಿದ್ದರೆ ಸಾಕು, ಕಟ್ಟಡದಿಂದ ಕಟ್ಟಡಕ್ಕೆ ಎಳೆದ ತಾಮ್ರದ ತಂತಿ ಹಿಡಿದೇ ಬಂದು ಎರಡೂ ತುದಿಯ ಪೋರ್ಟ್ ಸುಡುತ್ತೆ. ಇಲ್ಲೂ ಹಾಗೇ ಆಯ್ತು.

ಕ್ಯಾಟ್ 6 ಕೊಳ್ಳುವಾಗ ಒಂದು ಕೆಲಸ ಮಾಡಿ. ತುದಿ ಬಿಚ್ಚಿ, ಒಂದು ತಂತಿಯನ್ನು ಬ್ಲೇಡಿನಲ್ಲಿ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ದರ ಕಡಿಮೆ, ಆದರೆ ದೂರದ ಕ್ಯಾಮೆರಾಗೆ ಪಿಒಇ ಸರಿಯಾಗಿ ತಲುಪಲ್ಲ. ಅದನ್ನು ವಾಪಸ್ ಕೊಟ್ಟು ಬನ್ನಿ.

ವೈರ್‌ಲೆಸ್ ಬ್ರಿಡ್ಜ್ ಹಾಕೋದು ಸುಲಭ. 5 ಗಿಗಾಹರ್ಟ್ಸ್ ಡಬ್ಬಿ ಎರಡು, ಆಚೆಗೊಂದು ಈಚೆಗೊಂದು. ಅಗೆಯೋದಿಲ್ಲ, ಅರ್ಧ ದಿನದ ಕೆಲಸ. ಮಿಲ್ಲಿನವರಿಗೆ ತುಂಬಾ ಹಿಡಿಸಿತ್ತು. ಸುಗ್ಗಿ ಬರೋವರೆಗೂ ಚೆನ್ನಾಗೇ ನಡೆಯಿತು. ಸುಗ್ಗಿಯಲ್ಲಿ ಭತ್ತದ ಚೀಲ ಎತ್ತರಕ್ಕೆ ಪೇರಿಸಿದ ಲಾರಿಗಳು ಗೇಟಿನಿಂದ ಸಾಲುಗಟ್ಟಿದವು. ಡಬ್ಬಿಗೆ ಡಬ್ಬಿ ಕಣ್ಣಿಗೆ ಕಂಡರೆ ಸಾಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಸಾಲದು. 200 ಮೀಟರ್ ದೂರಕ್ಕೆ ನಡುಮಧ್ಯದಲ್ಲಿ ಆ ಗೆರೆಯ ಸುತ್ತ ಸುಮಾರು ಒಂದೂವರೆ ಮೀಟರ್ ಜಾಗ ಖಾಲಿ ಇರಬೇಕು. ಲಾರಿಯ ಮೇಲಿನ ಚೀಲ ಅದರೊಳಗೆ ಬಂದರೆ ಲಿಂಕ್ ಸೊರಗುತ್ತೆ. ರೆಕಾರ್ಡಿಂಗ್ ತೆಗೆದು ನೋಡಿದರೆ ಲಾರಿ ವೇಬ್ರಿಡ್ಜ್ ಹತ್ತುತ್ತೆ, ಮುಂದಿನ ಚಿತ್ರದಲ್ಲಿ ಇಳಿದಾಗಿದೆ. ನಡುವಿನ ತೂಕ ಇಲ್ಲವೇ ಇಲ್ಲ. ಕೆಲಸ ಜೋರಾಗಿ ನಡೆಯೋ ದಿನವೇ ಕೈಕೊಡುವ ಲೈನ್ ಇದು. ಇದನ್ನು ನಾನು ವೇಬ್ರಿಡ್ಜಿಗೆ ಒಪ್ಪಲ್ಲ.

ಈಗ ಫೈಬರ್. ನನ್ನ ಓಟು ಇದಕ್ಕೇ. ಗಾಜಿನ ಎಳೆಗೆ ಸಿಡಿಲಿನ ಕರೆಂಟು ಹತ್ತಲ್ಲ, ಮೋಟಾರಿನ ಗಲಾಟೆ ತಾಗಲ್ಲ, 200 ಮೀಟರ್ ಅದಕ್ಕೆ ಲೆಕ್ಕವೇ ಅಲ್ಲ. ಕೇಬಲ್ಲಿನ ಮೇಲೆ ಉಕ್ಕಿನ ಕವಚ ಇದ್ದರೆ ಅದಕ್ಕೆ ಅರ್ಥಿಂಗ್ ಮಾಡಬೇಕು, ಅಷ್ಟೇ. ಬೆಸುಗೆ ಹಾಕೋರು ಎಲ್ಲಿ ಸಿಗ್ತಾರೆ ಅಂತ ಹೆದರಬೇಡಿ. ಮನೆಮನೆಗೆ ಬ್ರಾಡ್‌ಬ್ಯಾಂಡ್ ಕೊಡುವ ಹುಡುಗರ ಹತ್ತಿರ ಸ್ಪ್ಲೈಸಿಂಗ್ ಮಷೀನ್ ಇರುತ್ತೆ. ಇಲಿ ಕಡಿಯದ ಹಾಗೆ ಗಟ್ಟಿ ಪೈಪಿನೊಳಗೆ ಹಾಕಿ ಹೂಳಬೇಕು. ಜೆಸಿಬಿ ಬಂದಾಗ ಪೈಪು ಎಲ್ಲಿದೆ ಅಂತ ಯಾರಿಗೂ ನೆನಪಿರಲ್ಲ, ಅದಕ್ಕೆ ಗೋಡೆ ಮೇಲೆ ಬಣ್ಣದಲ್ಲಿ ಗುರುತು ಹಾಕಿಸಿದೆ.

ಹೂತ ಮೇಲೂ ಒಂದೇ ದಾರಿ ಅಂದ್ರೆ ನನಗೆ ಸಮಾಧಾನ ಇಲ್ಲ. ಆಫೀಸಿನಿಂದ ಗೇಟು, ಗೇಟಿನಿಂದ ಗೋದಾಮು, ಗೋದಾಮಿನಿಂದ ಮತ್ತೆ ಆಫೀಸು, ಹೀಗೆ ಸುತ್ತು ಮಾಡಿ ಆರ್‌ಎಸ್‌ಟಿಪಿ (ದಾರಿ ಕಡಿದರೆ ತಾನೇ ಬೇರೆ ದಾರಿಗೆ ತಿರುಗಿಸುವ ವ್ಯವಸ್ಥೆ) ಇರುವ ಸ್ವಿಚ್ ಹಾಕಿದೆ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಹೋಗುತ್ತೆ. ಹಮಾಲರ ಊಟದ ಹೊತ್ತಿನಲ್ಲಿ ಬೇಕಂತಲೇ ಒಂದು ಫೈಬರ್ ಕಿತ್ತು, ಲೈವ್ ಬಿಟ್ಟು ರೆಕಾರ್ಡಿಂಗ್ ತೆಗೆದು ನೋಡಿದೆ. ಕ್ಯಾಮೆರಾದ ಗಡಿಯಾರ ಒಂದು ಕ್ಷಣ ತಡವರಿಸಿ ಮುಂದೆ ಹೋಯ್ತು. ಇದರದ್ದೇ ಹಳೇ ರೂಪವಾದ ಎಸ್‌ಟಿಪಿ ಮಾತ್ರ ಇರುವ ಸ್ವಿಚ್ ಆಗಿದ್ದರೆ 30ರಿಂದ 50 ಸೆಕೆಂಡ್ ಹೋಗ್ತಿತ್ತು. ಅಷ್ಟರಲ್ಲಿ ಒಂದು ಲಾರಿಯ ತೂಕ ಮುಗಿದಿರುತ್ತೆ ಅಲ್ವಾ.

ಖರ್ಚು ಜಾಸ್ತಿ, ನಿಜ. ಮೆಗಾಪಿಕ್ಸೆಲ್ ಇಳಿಸಿ ಆ ದುಡ್ಡನ್ನು ಇಲ್ಲಿ ಹಾಕಿ ಅಂತೀನಿ. ಹಾರ್ಡ್‌ಡಿಸ್ಕಿಗೂ ಅದು ಒಳ್ಳೇದು. ಒಂದು ಕ್ಯಾಮೆರಾ 4 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 4 ಮೆಗಾಬಿಟ್) ನಡೆದರೆ ದಿನಕ್ಕೆ ಸುಮಾರು 43 ಜಿಬಿ ತಿನ್ನುತ್ತೆ. 16 ಕ್ಯಾಮೆರಾಗೆ 30 ದಿನ ಅಂದ್ರೆ 20 ಟಿಬಿ ದಾಟುತ್ತೆ. ವೇಬ್ರಿಡ್ಜ್, ಕ್ಯಾಶ್ ಕೌಂಟರ್ ಬಿಟ್ಟು ಉಳಿದ ಕ್ಯಾಮೆರಾಗಳಿಗೆ 2 ಎಂಬಿಪಿಎಸ್ ಸಾಕು. ಆಫೀಸಿನ ಕಂಪ್ಯೂಟರು, ಮೊಬೈಲ್ ವೈಫೈ ಯಾವುದನ್ನೂ ಈ ಸ್ವಿಚ್‌ಗಳಿಗೆ ಸೇರಿಸಬೇಡಿ.

ವೈರ್‌ಲೆಸ್ ಡಬ್ಬಿಗಳನ್ನು ನಾನು ಎಸೆಯಲಿಲ್ಲ. ರಸ್ತೆಯಾಚೆ ಮಿಲ್ಲಿನವರದ್ದೇ ಹೊಟ್ಟಿನ ರಾಶಿ ಇದೆ. ಅಲ್ಲಿಗೆ ರಸ್ತೆ ಅಗೆಯೋಕೆ ಪರವಾನಗಿ ಬೇಕು. ಲಾರಿ ಅಡ್ಡ ಬರದಷ್ಟು ಎತ್ತರದ ಕಂಬಕ್ಕೆ ಅವನ್ನು ಏರಿಸಿ, ಅಲ್ಲಿನ ಕ್ಯಾಮೆರಾಗೆ ಮೆಮೊರಿ ಕಾರ್ಡ್ ಹಾಕಿದ್ದೀನಿ. ಲಿಂಕ್ ಹೋದರೆ ಕಾರ್ಡಿನಲ್ಲಿ ಉಳಿಯುತ್ತೆ, ಬಂದ ಮೇಲೆ ರೆಕಾರ್ಡರ್ ಎಳೆದುಕೊಳ್ಳುತ್ತೆ. ಎಲ್ಲ ಕ್ಯಾಮೆರಾದಲ್ಲೂ ಈ ಸೌಲಭ್ಯ ಇರಲ್ಲ, ಕೊಳ್ಳುವ ಮುಂಚೆ ಕೇಳಿ ತಗೊಳ್ಳಿ.