‘ಬರದು ಕೊಡಬ್ಯಾಡವಾ’ ಅಂದರೆ ನಂಬಬೇಡಿ

ಪುಣೆಯ ಹಿಂಜವಡಿಯಲ್ಲಿ ಕೆಲಸಕ್ಕೆ ಸೇರಿದಾಗ ಎಚ್‌ಆರ್‌ನಲ್ಲಿ ಹುಬ್ಬಳ್ಳಿಯ ಅಕ್ಕ ಒಬ್ಬರಿದ್ದರು. ಇಡೀ ಆಫೀಸಿನಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವರು ಅವರೊಬ್ಬರೇ. ಕಂಪನಿ ಯಾವುದು ಅಂತ ಮಾತ್ರ ಕೇಳಬೇಡಿ.

ನಮ್ಮ ಟೀಮ್ ಲೀಡ್ ರಾತ್ರಿ ಹನ್ನೊಂದರ ಮೇಲೆ ವಾಟ್ಸಾಪ್ ಮಾಡುತ್ತಿದ್ದ. ಮೊದಲು ಕೆಲಸದ ಮಾತು, ಆಮೇಲೆ ನನ್ನ ಬಟ್ಟೆಯ ಬಗ್ಗೆ, ಆಮೇಲೆ ಇಲ್ಲಿ ಬರೆಯಲಾಗದಂಥವು. ಬೆಳಗ್ಗೆ ನೋಡಿದರೆ ಅರ್ಧಕ್ಕರ್ಧ ಡಿಲೀಟ್ ಆಗಿರುತ್ತಿದ್ದವು. ಸ್ಕ್ರೀನ್‌ಶಾಟ್ ತೆಗೆಯಬೇಕು ಅಂತ ಹೊಳೆಯಲೇ ಇಲ್ಲ. ಓದಿದ ಕೂಡಲೇ ಫೋನ್ ಬೋರಲು ಹಾಕುತ್ತಿದ್ದೆ. ಕೊನೆಗೊಂದು ಸಂಜೆ ಮೀಟಿಂಗ್ ರೂಮಿನಲ್ಲಿ ಕೈ ಹಿಡಿದ.

ಮರುದಿನವೇ ಅಕ್ಕನ ಮುಂದೆ ಅತ್ತೆ. ‘ಬರದು ಕೊಡಬ್ಯಾಡವಾ, ನಿನ್ನ ಹೆಸರೇ ಕೆಡತೈತಿ. ಅಪ್ರೈಸಲ್ ಮುಗೀಲಿ, ನಾ ನೋಡ್ಕೋತೀನಿ’ ಎಂದರು. ನಮ್ಮ ಕಡೆಯ ಮಾತು ಅಲ್ವಾ, ಕರಗಿಬಿಟ್ಟೆ. ನಾಲ್ಕನೇ ತಿಂಗಳಲ್ಲಿ ಕೇಳಿದರೆ ಅದೇ ಬಾಯಿ, ‘ಮೂರು ತಿಂಗಳ ಮ್ಯಾಲಾತು, ಇನ್ನ ಕಂಪ್ಲೇಂಟ್ ನಡೆಯಂಗಿಲ್ಲ’ ಎಂದಿತು.

ಅರ್ಧ ನಿಜ, ಅರ್ಧ ಸುಳ್ಳು. ರೂಮ್‌ಮೇಟ್‌ಗೆ ಪರಿಚಯದ ವಕೀಲೆಯೊಬ್ಬರು ಶಿವಾಜಿನಗರ ಕೋರ್ಟಿನ ಹೊರಗೆ ಚಹಾ ಕುಡಿಯುತ್ತಾ ಬಿಡಿಸಿ ಹೇಳಿದರು. ಕೆಲಸದ ಜಾಗದಲ್ಲಿ ಹೆಂಗಸರಿಗಾಗುವ ಲೈಂಗಿಕ ಕಿರುಕುಳ ತಡೆಯಲು ಇರುವ, ಪಾಶ್ ಅಂತೀವಲ್ಲ, ಆ 2013ರ ಕಾಯ್ದೆಯಲ್ಲಿ ಎಚ್‌ಆರ್ ಮುಂದೆ ಅತ್ತಿದ್ದು ದೂರೇ ಅಲ್ಲ. ಕೊನೆಯ ಘಟನೆಯಿಂದ 3 ತಿಂಗಳೊಳಗೆ ಆಂತರಿಕ ಸಮಿತಿಗೆ, ಅಂದರೆ ಇಂಥ ದೂರು ವಿಚಾರಿಸಲು ಕಂಪನಿಯೊಳಗೇ ಇರುವ ಸಮಿತಿಗೆ, ಬರೆದು ಕೊಡಬೇಕು. ತಡವಾಗಿದ್ದಕ್ಕೆ ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. 10 ಜನರೂ ಇಲ್ಲದ ಆಫೀಸಾದರೆ, ಅಥವಾ ದೂರು ಮಾಲೀಕನ ಮೇಲೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ವಿಚಾರಣೆ ನಡೆಯುವಾಗ 3 ತಿಂಗಳವರೆಗೆ ರಜೆಯನ್ನೂ ಕೇಳಬಹುದು, ಅದು ನಮ್ಮ ರಜೆಯ ಲೆಕ್ಕಕ್ಕೆ ಬರಲ್ಲ. ನಾನೋ, ಅಷ್ಟೂ ದಿನ ಅವನ ಎದುರು ಸೀಟಿನಲ್ಲೇ ಕೂತಿದ್ದೆ.

ತಡ ಯಾಕಾಯಿತು ಅನ್ನುವುದಕ್ಕೆ ಅಕ್ಕನ ಜೊತೆಗಿನ ಚಾಟನ್ನೇ ಹಚ್ಚಿ ಬರೆದು ಕೊಟ್ಟೆ. ದೂರು ತೆಗೆದುಕೊಂಡರು. ಆದರೆ ಅಂದು ಮೀಟಿಂಗ್ ರೂಮಿನ ಬಾಗಿಲಲ್ಲಿ ನಿಂತು ನೋಡಿದ್ದ ಹುಡುಗಿ ಅಷ್ಟರಲ್ಲಿ ಕೆಲಸ ಬಿಟ್ಟಿದ್ದಳು. ಮೆಸೇಜುಗಳಂತೂ ಇರಲಿಲ್ಲ. ‘ಸಾಕ್ಷಿ ಸಾಲದು’ ಎಂದು ಮುಗಿಸಿದರು.

ಸುಳ್ಳು ದೂರು ಅಂತ ನನ್ನ ಮೇಲೇ ಕ್ರಮ ಆಗುತ್ತದೆ ಎಂದು ಹೆದರಿಸಿದವರೂ ಇದ್ದರು. ಸುಮ್ನೆ ಹೆದರಿಕೆ ಅದು. ಸಾಬೀತು ಮಾಡಲು ಆಗದ ಮಾತ್ರಕ್ಕೆ ದೂರು ಕೊಟ್ಟವರ ಮೇಲೆ ಕ್ರಮ ಇಲ್ಲವೆಂದು ಕಾಯ್ದೆಯಲ್ಲೇ ಇದೆ.

ಮೇಲ್ಮನವಿಗೆ 90 ದಿನ ಕೊಟ್ಟಿದ್ದಾರೆ, 20 ಹೋಗಿವೆ. ಅಕ್ಕ ನಿನ್ನೆ ಮತ್ತೆ ಫೋನ್ ಮಾಡಿದ್ದರು. ತೆಗೆಯಲಿಲ್ಲ. ಅರ್ಜಿ ಬರೆಯುತ್ತಾ ಕೂತಿದ್ದೆ.