ಲಿಥಿಯಂ ಇನ್ವರ್ಟರ್: ಒಳಗಿನ ಕೆಲಸ ಅಚ್ಚುಕಟ್ಟು, ಡಿಸ್‌ಪ್ಲೇ ಮಾತ್ರ ನಂಬುವಂತಿಲ್ಲ

ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಅರ್ಧ ದಿನ ಕರೆಂಟ್ ಹೋಗುವುದು ಮಲೆನಾಡಿನ ಮನೆಗಳಿಗೆ ಹೊಸದಲ್ಲ. ನಮ್ಮ ಹಳೆಯ 150 ಎಎಚ್ (ಆಂಪಿಯರ್-ಅವರ್) ಟ್ಯೂಬ್ಯುಲರ್ ಸೀಸದ ಬ್ಯಾಟರಿಯ ಆಯುಷ್ಯ ಮುಗಿದಾಗ, ಬ್ಯಾಟರಿಯೂ ಒಳಗೇ ಇರುವ, ಗೋಡೆಗೆ ತೂಗುಹಾಕುವಂಥ 1,100 ವಿಎ ಲಿಥಿಯಂ ಇನ್ವರ್ಟರ್ ಕೊಂಡೆವು. ಒಂದು ಮಳೆಗಾಲ ಪೂರ್ತಿ ಅದನ್ನು ಬಳಸಿ ನೋಡಿದ್ದೇನೆ.

ಇದರ ಬ್ಯಾಟರಿ 12.8 ವೋಲ್ಟ್, 100 ಎಎಚ್. ಎಎಚ್ ಕಡಿಮೆಯಾಯಿತಲ್ಲ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಸೀಸದ ಬ್ಯಾಟರಿ ಹೆಚ್ಚು ದಿನ ಬಾಳಬೇಕಾದರೆ ಅದರ ಸುಮಾರು ಅರ್ಧದಷ್ಟನ್ನು ಮಾತ್ರ ಬಳಸಬೇಕು. ನಮ್ಮ ಹಳೆಯ 12 ವೋಲ್ಟ್ ಬ್ಯಾಟರಿಯ 1,800 ವ್ಯಾಟ್-ಅವರ್‌ನಲ್ಲಿ ಕೈಗೆ ಸಿಗುವುದು 900. ಹೊಸದರಲ್ಲಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ 1,280 ವ್ಯಾಟ್-ಅವರ್‌ನಲ್ಲಿ ಶೇ. 80ರಿಂದ 90ರಷ್ಟನ್ನು ಧೈರ್ಯವಾಗಿ ಬಳಸಬಹುದು. ಜೊತೆಗೆ ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸವೂ, ಟರ್ಮಿನಲ್ ಮೇಲೆ ಕಟ್ಟುವ ಬಿಳಿ ಪುಡಿಯೂ ಇಲ್ಲ. ಪ್ಯೂರ್ ಸೈನ್ ವೇವ್, ಅಂದರೆ ಲೈನ್ ಕರೆಂಟಿನಂತೆಯೇ ನಯವಾದ ಅಲೆ ಕೊಡುವುದರಿಂದ ಫ್ಯಾನ್‌ಗಳು ಗುಂಯ್‌ಗುಡುವುದಿಲ್ಲ. ಕರೆಂಟ್ ಹೋದಾಗ ಥಟ್ಟನೆ ಬ್ಯಾಟರಿಗೆ ಬದಲಾಗುವುದರಿಂದ ಕಂಪ್ಯೂಟರ್ ಆರುವುದೂ ಇಲ್ಲ.

ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಇದರ ಬಿಎಂಎಸ್, ಅಂದರೆ ಬ್ಯಾಟರಿಯ ಸೆಲ್‌ಗಳ ಮೇಲೆ ಕಣ್ಣಿಡುವ ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್. ಕೊಳ್ಳುವ ಮೊದಲು ಅಂಗಡಿಯವರು ಇದೇ ಮಾದರಿಯ ಮುಚ್ಚಳ ತೆಗೆದು ತೋರಿಸಿದ್ದರು: ಒತ್ತಾಗಿ ಜೋಡಿಸಿದ ನಾಲ್ಕು ಸೆಲ್‌ಗಳು, ಪ್ರತಿಯೊಂದರ ಟರ್ಮಿನಲ್‌ನಿಂದ ಬೋರ್ಡಿಗೆ ಹೋಗುವ ತೆಳು ವೈರು, ಒಂದು ಸೆಲ್ಲಿನ ಪಕ್ಕಕ್ಕೆ ಅಂಟಿಸಿದ ಉಷ್ಣತೆಯ ಸೆನ್ಸರ್. ಯಾವುದೇ ಒಂದು ಸೆಲ್ 3.65 ವೋಲ್ಟ್ ದಾಟಿದರೆ ಚಾರ್ಜಿಂಗ್ ನಿಲ್ಲಬೇಕು, 2.5ಕ್ಕೆ ಇಳಿದರೆ ಲೋಡ್ ಕಡಿತವಾಗಬೇಕು. ಆ ತೀರ್ಮಾನ ತೆಗೆದುಕೊಳ್ಳುವುದು ಬೋರ್ಡು, ಅದನ್ನು ಜಾರಿಗೆ ತರುವುದು ಅದರ ಮೇಲಿರುವ ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್‌ಗಳ ಸಾಲು. ಒಂದು ದುರ್ಬಲ ಸೆಲ್ ಇಡೀ ಪ್ಯಾಕನ್ನು ಹಾಳುಮಾಡದಂತೆ ಕಾಯುವ ಈ ವ್ಯವಸ್ಥೆಗಾಗಿ ಹೆಚ್ಚು ಹಣ ಕೊಟ್ಟರೂ ದುಬಾರಿ ಎನ್ನಿಸುವುದಿಲ್ಲ.

ದೂರು ಇರುವುದು ಚಾರ್ಜ್ ತೋರಿಸುವ ರೀತಿಯ ಬಗ್ಗೆ. ದಿನವಿಡೀ ಕರೆಂಟ್ ಬಂದು ಹೋಗುತ್ತಿದ್ದ ವಾರದಲ್ಲಿ, ಡಿಸ್‌ಪ್ಲೇ ಶೇ. 30 ಎಂದು ತೋರಿಸುತ್ತಿರುವಾಗಲೇ ಮನೆ ಕತ್ತಲಾಯಿತು. ಇದಕ್ಕೆ ಕಾರಣವಿದೆ. ಈ ಬಗೆಯ ಸೆಲ್‌ನಲ್ಲಿ ಶೇ. 80ರಿಂದ 20ರವರೆಗೆ ಇಳಿದರೂ ವೋಲ್ಟೇಜ್ ಬದಲಾಗುವುದು ಸುಮಾರು 0.1 ವೋಲ್ಟ್ ಮಾತ್ರ. ವೋಲ್ಟೇಜ್ ನೋಡಿ ಚಾರ್ಜ್ ಎಷ್ಟಿದೆ ಎಂದು ಹೇಳುವುದು ಕಷ್ಟವಾದ್ದರಿಂದ ಬೋರ್ಡು ಒಳಗೆ ಬಂದ, ಹೊರಗೆ ಹೋದ ಕರೆಂಟನ್ನು ಕೂಡಿ ಕಳೆದು ಲೆಕ್ಕ ಇಡಬೇಕಾಗುತ್ತದೆ. ಪೂರ್ತಿ ಚಾರ್ಜ್ ಆಗದೆ ಹಲವು ದಿನ ಕಳೆದರೆ ಆ ಲೆಕ್ಕದಲ್ಲಿ ತಪ್ಪು ಬೆಳೆಯುತ್ತಾ ಹೋಗುತ್ತದೆ. ಸೆಲ್‌ಗಳನ್ನು ಸರಿಸಮ ಮಾಡುವ ಬ್ಯಾಲೆನ್ಸಿಂಗ್ ಕೂಡ ನಡೆಯುವುದು ಹೆಚ್ಚಾಗಿ ಚಾರ್ಜಿಂಗ್‌ನ ಕೊನೆಯ ಹಂತದಲ್ಲೇ. ಆಗಾಗ ಪೂರ್ತಿ ಚಾರ್ಜ್ ಆಗಲು ಬಿಟ್ಟ ಮೇಲೆ ಅಂಕಿ ಸರಿಹೋಯಿತು, ಆದರೆ ಕೈಪಿಡಿಯಲ್ಲಿ ಈ ವಿಷಯದ ಸುಳಿವೇ ಇಲ್ಲ.

ಇನ್ನೊಂದು ಕೊರತೆ ರಿಪೇರಿಯದು. ಬೋರ್ಡು ಕೆಟ್ಟರೆ, ನಾಲ್ಕೂ ಸೆಲ್ ಚೆನ್ನಾಗಿದ್ದರೂ, ಇಡೀ ಪೆಟ್ಟಿಗೆಯನ್ನೇ ಕಂಪನಿಗೆ ಕಳಿಸಬೇಕಂತೆ. ಮಳೆಗಾಲದ ನಡುವೆ ಹಾಗಾದರೆ ಹಳ್ಳಿಯ ಮನೆಯವರು ಏನು ಮಾಡಬೇಕು? ದೀಪ, ಫ್ಯಾನ್, ವೈಫೈ, ಕಂಪ್ಯೂಟರ್ ಇಷ್ಟೇ ಲೋಡ್ ಇರುವವರು ಇದನ್ನು ನಿಶ್ಚಿಂತೆಯಿಂದ ಕೊಳ್ಳಬಹುದು. ಆದರೆ ಬಿಲ್ ಮಾಡಿಸುವ ಮೊದಲು, ಬದಲಿ ಬಿಎಂಎಸ್ ಬೋರ್ಡು ತಾಲ್ಲೂಕಿನಲ್ಲೇ ಸಿಗುತ್ತದೆಯೇ ಎಂದು ಡೀಲರ್ ಹತ್ತಿರ ಕೇಳಿ, ಉತ್ತರವನ್ನು ವಾರಂಟಿ ಕಾರ್ಡಿನ ಮೇಲೆ ಬರೆಸಿಕೊಳ್ಳಬೇಕು.